ಮೂರು ಹಲ್ಲುಗಳ ವ್ಯತ್ಯಾಸ

ಅಂಗೈಯಲ್ಲಿರುವ ಈ ಎರಡು ಪಿನಿಯನ್‌ಗಳನ್ನು, ಅಂದರೆ ಮೋಟಾರಿನ ದಂಡಕ್ಕೆ ಹಾಕುವ ಪುಟ್ಟ ಗೇರ್‌ಗಳನ್ನು, ನೋಡಿ. ಒಂದಕ್ಕೆ 27 ಹಲ್ಲು, ಇನ್ನೊಂದಕ್ಕೆ 30. ದೂರದಿಂದ ನೋಡಿದರೆ ಎರಡೂ ಒಂದೇ ಅನ್ನಿಸುತ್ತವೆ. ಕಳೆದ ವಾರ ನನ್ನ ರಿಮೋಟ್ ಕಂಟ್ರೋಲ್ ಕಾರಿನ ಮೋಟಾರ್ ಸುಟ್ಟುಹೋದದ್ದು ಈ ಮೂರು ಹಲ್ಲುಗಳಿಂದ.

ನಯವಾದ ಡಾಂಬರಿನ ಮೇಲೆ 30 ಹಲ್ಲಿನದು ಚೆನ್ನಾಗಿಯೇ ಓಡಿತ್ತು. ಅದೇ ಕಾರನ್ನು ಹುಲ್ಲಿಗೆ ಇಳಿಸಿದೆ. ಕೆಲವೇ ನಿಮಿಷಗಳಲ್ಲಿ ವೇಗ ಕುಗ್ಗಿತು. ಬಾಡಿ ಎತ್ತಿದಾಗ ಮೂಗಿಗೆ ಬಡಿದದ್ದು ಸುಟ್ಟ ವಾರ್ನಿಷ್ ವಾಸನೆ. ಒಮ್ಮೆ ಮೂಸಿದರೆ ಅದು ಮರೆಯುವಂಥದ್ದಲ್ಲ.

ಲೆಕ್ಕ ಇಷ್ಟೇ. ಮೋಟಾರಿನ ಪಿನಿಯನ್ ತಿರುಗಿಸುವ ಈ ದೊಡ್ಡ ಸ್ಪರ್ ಗೇರ್‌ಗೆ 81 ಹಲ್ಲು. 81ನ್ನು 27ರಿಂದ ಭಾಗಿಸಿದರೆ 3. ಕಾರಿನ ಒಳಗಿನ ಗೇರ್‌ಗಳ ಅನುಪಾತ 2.6, ಅದರಿಂದ ಗುಣಿಸಿದರೆ 7.8. ಅಂದರೆ ಚಕ್ರ ಒಂದು ಸುತ್ತು ತಿರುಗಲು ಮೋಟಾರ್ 7.8 ಸುತ್ತು ತಿರುಗಬೇಕು. 30 ಹಲ್ಲು ಹಾಕಿದರೆ ಅದು ಸುಮಾರು 7ಕ್ಕೆ ಇಳಿಯುತ್ತದೆ. 3500 ಕೆವಿ ಮೋಟಾರ್ (ಅಂದರೆ ಹೊರೆಯಿಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ 3500 ಸುತ್ತು), 7.4 ವೋಲ್ಟ್ ಬ್ಯಾಟರಿ, 65 ಮಿಲಿಮೀಟರ್ ವ್ಯಾಸದ ಟೈರ್ ಎಂದಿಟ್ಟುಕೊಂಡರೆ ಲೆಕ್ಕದ ವೇಗ ಗಂಟೆಗೆ ಸುಮಾರು 40 ಕಿಲೋಮೀಟರ್‌ನಿಂದ 45ಕ್ಕೆ ಏರುತ್ತದೆ. ಆದರೆ ಹುಲ್ಲು ಚಕ್ರವನ್ನು ಹಿಡಿದೆಳೆಯುವಾಗ ಮೋಟಾರ್ ಆ ಸುತ್ತುಗಳನ್ನು ಮುಟ್ಟುವುದೇ ಇಲ್ಲ. ತಿಣುಕುತ್ತಾ ಹೆಚ್ಚು ಕರೆಂಟ್ ಎಳೆಯುತ್ತದೆ, ಅದರಲ್ಲಿ ಬಹಳಷ್ಟು ಶಾಖವಾಗುತ್ತದೆ. ಬೇರೆಯವರ ಕಾರಿನ ಅನುಪಾತವನ್ನು ಹಾಗೆಯೇ ನಕಲು ಮಾಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಅವರು ಓಡಿಸುವ ನೆಲ ಬೇರೆ, ನಿಮ್ಮದು ಬೇರೆ.

ಹೊಸ ಮೋಟಾರಿಗೆ ಈಗ 24 ಹಲ್ಲಿನ ಪಿನಿಯನ್ ಹಾಕುತ್ತಿದ್ದೇನೆ. ಎರಡೂ ಗೇರ್‌ಗಳು 48 ಪಿಚ್‌ನವೇ, ಅಂದರೆ ಎರಡರ ಹಲ್ಲಿನ ಗಾತ್ರವೂ ಒಂದೇ ಎಂದು ಮೊದಲೇ ನೋಡಿಕೊಂಡಿದ್ದೇನೆ. ಪಿಚ್ ಬೇರೆಯಾದರೆ ಹಲ್ಲುಗಳು ಸವೆದು ಪುಡಿಯಾಗುತ್ತವೆ. ಪಿನಿಯನ್‌ನ ಸಣ್ಣ ಸ್ಕ್ರೂ ಮೋಟಾರ್ ದಂಡದ ಚಪ್ಪಟೆ ಭಾಗದ ಮೇಲೆಯೇ ಕೂರಬೇಕು. ಇನ್ನು ನನಗೆ ಬಹಳ ಇಷ್ಟವಾದ ಕೆಲಸ. ತೆಳುವಾದ ಕಾಗದದ ಪಟ್ಟಿಯನ್ನು ಎರಡು ಗೇರ್‌ಗಳ ನಡುವೆ ಇಟ್ಟು, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಗೊಳಿಸುತ್ತೇನೆ. ಗೇರ್ ತಿರುಗಿಸಿದರೆ ಕಾಗದ ಹೀಗೆ ನಿರಿಗೆ ನಿರಿಗೆಯಾಗಿ ಹೊರಬರಬೇಕು, ಹರಿಯಬಾರದು. ಸ್ಪರ್ ಗೇರ್ ಪೂರ್ತಿ ದುಂಡಗಿರುವುದು ಅಪರೂಪ, ಆದ್ದರಿಂದ ನಾಲ್ಕು ಕಡೆ ತಿರುಗಿಸಿ, ಎಲ್ಲ ಕಡೆಯೂ ಕೂದಲೆಳೆಯಷ್ಟು ಸಡಿಲವಿದೆಯೇ ಎಂದು ಬೆರಳಿನಿಂದ ಅಲುಗಾಡಿಸಿ ನೋಡುತ್ತೇನೆ.

ಮತ್ತೆ ಅದೇ ಹುಲ್ಲು. ಮೂರು ನಿಮಿಷ ಓಡಿಸಿ, ಥರ್ಮಾಮೀಟರನ್ನು ಮೋಟಾರಿನತ್ತ ಹಿಡಿದಿದ್ದೇನೆ: 58 ಡಿಗ್ರಿ. ನಾನು ಇಟ್ಟುಕೊಂಡಿರುವ ಮಿತಿ 75. ಅದನ್ನು ಮೀರಿ ಕಾಯಿಸುತ್ತಾ ಹೋದರೆ ಒಳಗಿನ ಆಯಸ್ಕಾಂತ ಕ್ರಮೇಣ ಬಲ ಕಳೆದುಕೊಳ್ಳಬಹುದು. ಇನ್ನೂ ಜಾಗವಿದೆ. ಮೋಟಾರ್ ತಣ್ಣಗಾಗಲಿ, 25 ಹಲ್ಲಿನದನ್ನು ಹಾಕಿ ನೋಡೋಣ.