ಇಸವಿ ಒಂದೇ, ಅಚ್ಚು ಬೇರೆ

ಕೇಳುಗರೆಲ್ಲರಿಗೂ ನಮಸ್ಕಾರ.

ತುಮಕೂರಿನ ಯಾವುದಾದರೂ ಆಫ್‌ಸೆಟ್ ಪ್ರೆಸ್ಸಿನಲ್ಲಿ 500 ಲಗ್ನಪತ್ರಿಕೆ ಹಾಕಿಸಿದಿರಿ ಅನ್ನಿ. ಸಾಲದೆ ಬಂತು, ವಾರ ಬಿಟ್ಟು ಇನ್ನೂ 100 ಹಾಕಿಸಿದಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಅರಿಶಿನ ಗಾಢ, ಇನ್ನೊಂದರಲ್ಲಿ ತೆಳು. ನಡುವೆ ಸೋದರಮಾವನ ಹೆಸರು ಬಿಟ್ಟುಹೋಗಿದೆ ಅಂತ ಗಲಾಟೆಯಾಗಿ ಅಚ್ಚಿನ ತಗಡು, ಅಂದರೆ ಪ್ಲೇಟ್, ಬದಲಿಸಿದ್ದರೆ ಸಾಲುಗಳೂ ಒಂದೆಳೆ ಸರಿದಿರುತ್ತವೆ. ಮುಹೂರ್ತದ ದಿನಾಂಕ ಮಾತ್ರ ಎರಡರಲ್ಲೂ ಒಂದೇ. ಸಂಗ್ರಹಕಾರರು ಬೆನ್ನು ಹತ್ತುವ ಹಳೇ ಆಟದ ಕಾರ್ಡು, ಆಟಗಾರರ ಚಿತ್ರದ ಕಾರ್ಡುಗಳಲ್ಲೂ ನಡೆದದ್ದು ಇದೇ. ಕಾರ್ಡಿನ ಮೇಲಿನ ಇಸವಿ ವಿನ್ಯಾಸದ ಇಸವಿ. ನಿಮ್ಮ ಕೈಯಲ್ಲಿರುವ ಪ್ರತಿ ಯಾವ ಸುತ್ತಿನಲ್ಲಿ ಅಚ್ಚಾಯಿತು ಅನ್ನುವುದನ್ನು ಅದು ಸಾಮಾನ್ಯವಾಗಿ ಹೇಳುವುದಿಲ್ಲ. ಬೆಲೆ ನಿಂತಿರುವುದು ಸುತ್ತಿನ ಮೇಲೆ.

ಅಮೆರಿಕದ ನೆಂಟರು ತಂದುಕೊಟ್ಟ ಪೊಕೆಮಾನ್ ಕಾರ್ಡು ನಿಮ್ಮನೆ ಮಕ್ಕಳ ಡಬ್ಬಿಯಲ್ಲಿ ಇದ್ದರೆ ಅದರಿಂದಲೇ ಶುರು ಮಾಡೋಣ. ಇಂಗ್ಲಿಷಿನ ಮೊದಲ ಸರಣಿ, ಬೇಸ್ ಸೆಟ್, 1999ರಲ್ಲಿ ಬಂತು, 102 ಕಾರ್ಡು. ಮೊದಲು ಚಿತ್ರದ ಚೌಕಟ್ಟಿನ ಬಲ ಅಂಚು ನೋಡಿ. ಅಲ್ಲಿ ಬೂದು ನೆರಳಿನ ಪಟ್ಟಿ ಇದ್ದರೆ ಅದು ಆಮೇಲಿನ, ಲೆಕ್ಕವಿಲ್ಲದಷ್ಟು ಅಚ್ಚಾದ ಸುತ್ತು. ಇಲ್ಲದಿದ್ದರೆ ಮೊದಲಿನದು, ಅದಕ್ಕೆ ಶ್ಯಾಡೋಲೆಸ್ ಅನ್ನುತ್ತಾರೆ. ಖಾತ್ರಿಗೆ ಕೆಳಗಿನ ಹಕ್ಕುಸಾಲು, ಅಂದರೆ ಕಾಪಿರೈಟ್ ಸಾಲು, ಓದಿ. ಮೊದಲಿನ ಸುತ್ತುಗಳಲ್ಲಿ ನಿಂಟೆಂಡೊ ಹೆಸರಿನ ಹಿಂದೆ 1995, 96, 98, 99 ಎಂದು ನಾಲ್ಕು ಇಸವಿ ಇವೆ. ನೆರಳು ಬಂದ ಮೇಲೆ ಆ 99 ಬಿದ್ದುಹೋಯಿತು. ಸಾಲಿನ ಕೊನೆಯಲ್ಲಿ 1999-2000 ಅಂತ ಇದ್ದರೆ ಅದು ಇನ್ನೂ ತಡವಾದ ಸುತ್ತು. ಪಿಕಾಚು ಅನ್ನುವ ಪಾತ್ರದ ಕೆನ್ನೆಯೂ ಸುಳಿವೇ: ಮೊದಲ ಸುತ್ತುಗಳ ಕೆಲವು ಪ್ರತಿಗಳಲ್ಲಿ ಕೆಂಪು, ಆಮೇಲೆ ಹಳದಿ.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಕಾರ್ಡಿದೆ, ಮಚಾಂಪ್. ಮೊದಲ ಆವೃತ್ತಿಯ ಕಪ್ಪು ಮುದ್ರೆ ಅದರ ಮೇಲಿದ್ದರೂ ಹಿಗ್ಗಬೇಡಿ. ಇಬ್ಬರು ಆಡುವ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಬರುತ್ತಿದ್ದ ಆ ಕಾರ್ಡಿಗೆ ತಡವಾದ ಸುತ್ತುಗಳಲ್ಲೂ ಅದೇ ಮುದ್ರೆ ಬಿತ್ತು. ಮುದ್ರೆ ಬಿಟ್ಟು ನೆರಳು ನೋಡಿ.

ಇನ್ನು ಹಾಳೆಯ ಲೆಕ್ಕ. ಕಾರ್ಡನ್ನು ಒಂದೊಂದಾಗಿ ಯಾರೂ ಅಚ್ಚು ಹಾಕುವುದಿಲ್ಲ. ದೊಡ್ಡ ಹಾಳೆಯ ಮೇಲೆ ಸಾಲಾಗಿ ಹಾಕಿ ಆಮೇಲೆ ಕತ್ತರಿಸುತ್ತಾರೆ. ಟಾಪ್ಸ್ ಅನ್ನುವ ಕಂಪನಿಯ 1952ರ ಬೇಸ್‌ಬಾಲ್ ಸರಣಿಯ ಕೊನೆಯ ಕಂತು 311ರಿಂದ 407ರವರೆಗೆ, ಅಂದರೆ 97 ಕಾರ್ಡು. ಹಾಳೆಯಲ್ಲಿ ಜಾಗ 100ಕ್ಕೆ. ಉಳಿದ ಮೂರು ಜಾಗ ಖಾಲಿ ಬಿಟ್ಟರೆ ಕಾಗದ ದಂಡ. ಅದಕ್ಕೇ ಮಿಕ್ಕಿ ಮ್ಯಾಂಟಲ್, ಜಾಕಿ ರಾಬಿನ್ಸನ್, ಬಾಬಿ ಥಾಮ್ಸನ್, ಈ ಮೂವರು ಆಟಗಾರರನ್ನು ಎರಡೆರಡು ಸಲ ಕೂರಿಸಿದರು. ಹಾಗೆ ಎರಡು ಕಡೆ ಕೂರಿಸಿದ್ದು ತದ್ರೂಪಾಗಿ ಬರಲಿಲ್ಲ. ಮ್ಯಾಂಟಲ್ ಕಾರ್ಡಿನ ಹಿಂಬದಿ ಸಂಖ್ಯೆಯ ಸುತ್ತ ಒಂದು ಚೆಂಡಿನ ಚಿತ್ರವಿದೆ. ಅದರ ಹೊಲಿಗೆ ಒಂದರಲ್ಲಿ ಎಡಕ್ಕೆ ತಿರುಗಿದರೆ ಇನ್ನೊಂದರಲ್ಲಿ ಬಲಕ್ಕೆ. ಕಾರ್ಡಿನ ಲೋಕದ ಅತಿ ದುಬಾರಿ ಹೆಸರುಗಳಲ್ಲಿ ಒಂದು, ತನ್ನ ಕಂತಿನ ಬಹುತೇಕ ಕಾರ್ಡುಗಳ ಎರಡರಷ್ಟು ಅಚ್ಚಾದದ್ದು! ವಿರಳತೆಯೊಂದೇ ಬೆಲೆ ಕಟ್ಟುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೋಲಾರದ ಕಡೆಯ ಕೇಳುಗರಿಗೆ ಒಂದು ಮಾತು. ಚಿನ್ನದ ಗಣಿಯ ಇಂಗ್ಲಿಷರ ಕಾಲದ ಮನೆಗಳಲ್ಲಿ ಹಳೇ ಸಿಗರೇಟು ಕಾರ್ಡು ಸಿಕ್ಕರೂ ಸಿಗಬಹುದು. ಪ್ಯಾಕು ಮುದುರದಿರಲಿ ಅಂತ ಒಳಗಿಡುತ್ತಿದ್ದ ರಟ್ಟಿನ ತುಂಡು ಅವು. ಅಂಥದ್ದು ಸಿಕ್ಕರೆ ಮುಂಬದಿಗಿಂತ ಹಿಂಬದಿ ಮುಖ್ಯ. 1909ರಿಂದ 1911ರವರೆಗೆ ಅಮೆರಿಕದಲ್ಲಿ ಬಂದ ಟಿ-206 ಎಂಬ ಬೇಸ್‌ಬಾಲ್ ಸರಣಿಯಲ್ಲಿ ಒಂದೇ ಆಟಗಾರನ ಚಿತ್ರದ ಹಿಂದೆ ಬೇರೆಬೇರೆ ಸಿಗರೇಟಿನ ಜಾಹೀರಾತು ಇರುತ್ತವೆ. ಪೀಡ್ಮಾಂಟ್ ಹೆಸರಿನದು ಧಾರಾಳ, ಕೆಲವು ತೀರಾ ಅಪರೂಪ. ಆ ಸರಣಿಯಲ್ಲಿ ಶೆರ್ವುಡ್ ಮ್ಯಾಗೀ ಎಂಬ ಆಟಗಾರನ ಹೆಸರಿನ ಕಾಗುಣಿತ ಒಮ್ಮೆ ತಪ್ಪಾಗಿ ಬಿದ್ದು ಬೇಗನೆ ತಿದ್ದುಪಡಿಯಾಯಿತು. ತಪ್ಪು ಹೆಸರಿನ ಕಾರ್ಡಿಗೆ ಪೀಡ್ಮಾಂಟ್ ಬೆನ್ನು ಮಾತ್ರ ಇರಬೇಕು. ಬೇರೆ ಬೆನ್ನಿದ್ದರೆ ಖೋಟಾ.

ಇಂಥ ‘ಇರಲಾರದ್ದು’ ಪಟ್ಟಿ ತಿಳಿದಿದ್ದರೆ ಅರ್ಧ ಕೆಲಸ ಮುಗಿಯಿತು. ಮ್ಯಾಜಿಕ್ ಅನ್ನುವ ಕಾರ್ಡಾಟದ 1993ರ ಮೊದಲ ಸುತ್ತು ಆಲ್ಫಾದಲ್ಲಿ 295 ಕಾರ್ಡು, ಮುಂದಿನ ಬೀಟಾದಲ್ಲಿ 302. ವೊಲ್ಕ್ಯಾನಿಕ್ ಐಲೆಂಡ್ ಅನ್ನುವ ಕಾರ್ಡು ಆಲ್ಫಾದಲ್ಲಿ ಬಿಟ್ಟೇಹೋಗಿತ್ತು. ಆಲ್ಫಾ ವೊಲ್ಕ್ಯಾನಿಕ್ ಐಲೆಂಡ್ ಇದೆ ಅಂತ ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ. ಆಲ್ಫಾದ ಮೂಲೆ ಬೀಟಾಕ್ಕಿಂತ ಹೆಚ್ಚು ದುಂಡಗೆ. ಬೀಟಾದ ಮೂಲೆ ಉಜ್ಜಿ ಆಲ್ಫಾ ಮಾಡುವವರೂ ಇದ್ದಾರೆ, ಆದ್ದರಿಂದ ನಾಲ್ಕೂ ಮೂಲೆ ಒಂದೇ ಅಳತೆಗಿವೆಯೇ ನೋಡಿ.

ಮುದ್ರಣ ಭೇದ ಯಾವುದು, ಬರೀ ಹಾಳಾದದ್ದು ಯಾವುದು? ಪ್ಲೇಟಿನಲ್ಲೇ ಇರುವ ತಪ್ಪು ಆ ಸುತ್ತಿನ ಎಲ್ಲ ಪ್ರತಿಯಲ್ಲೂ ಅದೇ ಜಾಗದಲ್ಲಿ ಮರುಕಳಿಸುತ್ತದೆ. ಅದು ಭೇದ. ಪ್ಲೇಟಿನ ಮೇಲೆ ಧೂಳು ಕೂತು ಬಿದ್ದ ಬಿಳಿ ಚುಕ್ಕೆ ನಾಲ್ಕು ಹಾಳೆಯಲ್ಲಿ ಕಂಡು ಮಾಯವಾಗುತ್ತದೆ. ಅದಕ್ಕೆ ಹಣ ಕೊಡುವವರು ಕಡಿಮೆ. ಎಲ್ಲಕ್ಕಿಂತ ಕೆಟ್ಟದ್ದು ಬಿಸಿಲಿನ ಆಟ. ಕಿಟಕಿ ಪಕ್ಕ ಇಟ್ಟ ಕಾರ್ಡಿನಲ್ಲಿ ಹಳದಿ, ಕೆಂಪು ಮೊದಲು ಮಾಸಿ ನೀಲಿ ಉಳಿಯುತ್ತದೆ. ಅದನ್ನೇ ‘ಬಣ್ಣ ಬಿಟ್ಟುಹೋದ ಅಪರೂಪದ ಪ್ರತಿ’ ಅಂತ ಮಾರುತ್ತಾರೆ. ಹಿಂಬದಿಯ ಬಣ್ಣ ನೋಡಿ. ಮುಂದೆ ಮಾಸಿ ಹಿಂದೆ ತಾಜಾ ಇದ್ದರೆ ಅದು ಬಿಸಿಲಿನ ಕೆಲಸ.

ಬೇಕಾದ ಸಾಮಾನು ಹೆಚ್ಚಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಅಕ್ಕಸಾಲಿಗರು ಕಣ್ಣಿಗಿಟ್ಟುಕೊಳ್ಳುವ ಭೂತಗನ್ನಡಿ, ಮಿಲಿಮೀಟರ್ ಸ್ಕೇಲು, ಚಿನ್ನದಂಗಡಿಯ ತಕ್ಕಡಿ. ಪೊಕೆಮಾನ್, ಮ್ಯಾಜಿಕ್ ಕಾರ್ಡು 63ಕ್ಕೆ 88 ಮಿಲಿಮೀಟರ್. ತೂಕ ಎರಡು ಗ್ರಾಮಿಗೆ ತುಸು ಕಡಿಮೆ. ಅಗಲ ಒಂದು ಮಿಲಿಮೀಟರ್ ಕಡಿಮೆ ಬಂದರೆ ಅಂಚು ಕತ್ತರಿಸಿ ಹೊಸದಾಗಿಸಿರಬಹುದು. ಭೂತಗನ್ನಡಿಯಲ್ಲಿ ಕಪ್ಪು ಅಕ್ಷರ ಗಟ್ಟಿಯಾಗಿ ಕಾಣಬೇಕು. ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದು ಕಂಡರೆ ಅಸಲನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದು. ರಟ್ಟಿನ ಒಳಪದರ ನೋಡುತ್ತೇನೆ ಅಂತ ಕಾರ್ಡು ಹರಿಯಬೇಡಿ. ಅಂಚನ್ನು ಬೆಳಕಿಗೆ ಹಿಡಿದರೆ ನಡುವೆ ಪೊಕೆಮಾನ್‌ನಲ್ಲಿ ಕಪ್ಪಗಿನ, ಮ್ಯಾಜಿಕ್‌ನಲ್ಲಿ ನೀಲಿ ಗೆರೆ ಕಾಣುತ್ತದೆ, ಅಷ್ಟು ಸಾಕು.

ಕಂಡದ್ದನ್ನು ಕವರಿನ ಮೇಲೆ, ಕಾರ್ಡು ಒಳಗಿಡುವ ಮೊದಲೇ ಬರೆಯಿರಿ: ಸರಣಿ, ಸಂಖ್ಯೆ, ನೆರಳು ಉಂಟೋ ಇಲ್ಲವೋ, ಹಿಂಬದಿ ಯಾವುದು. ಒಳಗಿಟ್ಟ ಮೇಲೆ ಒತ್ತಿ ಬರೆದರೆ ಪೆನ್ನಿನ ಗೀರು ಕಾರ್ಡಿನ ಮೇಲೇ ಮೂಡುತ್ತದೆ.

ನಮಸ್ಕಾರ.