ಹಳೆಯ ಸ್ಪೀಕರ್ ಪೆಟ್ಟಿಗೆಯೊಳಗೆ ಯಾವುದು ಏನು?

ಕೇಳುಗರಿಗೆ ನಮಸ್ಕಾರ.

ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಆ ಕಾಲದ ಸ್ಪೀಕರ್ ಪೆಟ್ಟಿಗೆ ನಿಮ್ಮ ಚಾವಡಿಯಲ್ಲೋ ಊರಿನ ಭಜನಾ ಮಂದಿರದಲ್ಲೋ ಇದ್ದರೆ ಅದಕ್ಕೆ ನಲವತ್ತು ಮಳೆಗಾಲ ಕಳೆದಿದೆ. ಇಂಥ ಪೆಟ್ಟಿಗೆಯಲ್ಲಿ ಯಕ್ಷಗಾನ ಆಟದ ರೆಕಾರ್ಡಿಂಗ್ ಹಾಕಿ ನೋಡಿ. ಭಾಗವತರ ಸ್ವರ ಬರುತ್ತದೆ, ಮದ್ದಳೆ ಬರುತ್ತದೆ, ಚಕ್ರತಾಳದ ಸದ್ದು ಮಾತ್ರ ಮಂಕು. ಟ್ವೀಟರ್ ಹೋಯಿತು ಎಂದು ತೀರ್ಮಾನಿಸುವ ಮೊದಲು ಕ್ರಾಸ್‌ಓವರ್ ನೋಡಬೇಕು. ತೀಕ್ಷ್ಣ ಸ್ವರವನ್ನು ಟ್ವೀಟರಿಗೆ, ತಗ್ಗು ಸ್ವರವನ್ನು ವೂಫರಿಗೆ ಹಂಚುವ ಪುಟ್ಟ ಹಲಗೆ ಅದು. ಅದರಲ್ಲಿ ಯಾವುದು ಏನು ಎಂದು ಗೊತ್ತಾಗದೆ ಒಂದು ತಂತಿಯನ್ನೂ ಬಿಚ್ಚಬೇಡಿ.

ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಯಾವ ಬಣ್ಣದ ತಂತಿ ಎಲ್ಲಿಗೆ ಹೋಗಿದೆ ಎಂದು ಕಾಗದದಲ್ಲಿ ಬರೆದಿಡಿ. ಟ್ವೀಟರಿನ ಪ್ಲಸ್ಸು ಮೈನಸ್ಸು ಉಲ್ಟಾ ಕಂಡರೆ ಸರಿ ಮಾಡಲು ಹೋಗಬೇಡಿ. ಕಾಯಿಲ್ (ತಂತಿಯ ಸುರುಳಿ), ಕಂಡೆನ್ಸರ್ ಎರಡೂ ಇರುವ ಎಷ್ಟೋ ಕ್ರಾಸ್‌ಓವರ್‌ಗಳಲ್ಲಿ ತಯಾರಕರೇ ಬೇಕೆಂದು ಹಾಗೆ ಜೋಡಿಸಿರುತ್ತಾರೆ.

ಹೆಚ್ಚಾಗಿ ಕೆಡುವುದು ಕಂಡೆನ್ಸರ್. ಟ್ವೀಟರಿಗೆ ಹೋಗುವ ದಾರಿಯಲ್ಲಿ, ಅಂದರೆ ಸೀರೀಸ್‌ನಲ್ಲಿ, ಕೂತಿರುವ ಕಂಡೆನ್ಸರ್ ತಗ್ಗು ಸ್ವರವನ್ನು ತಡೆಯುತ್ತದೆ. 8 ಓಮ್ ಟ್ವೀಟರಿಗೆ 6.8 ಮೈಕ್ರೋಫ್ಯಾರಡ್ ಒಂದೇ ಇದ್ದರೆ ಸುಮಾರು 2900 ಹರ್ಟ್ಸ್‌ನಿಂದ ಮೇಲಿನದ್ದು ದಾಟುತ್ತದೆ. ಒಣಗಿ ಅದರ ಬೆಲೆ, ಅಂದರೆ ಮೈಕ್ರೋಫ್ಯಾರಡ್ ಲೆಕ್ಕ, ಅರ್ಧಕ್ಕೆ ಇಳಿದರೆ ಆ ಗಡಿ 5800ರ ಆಚೆಗೆ ಸರಿಯುತ್ತದೆ. ನಡುವಿನ ಸ್ವರಗಳನ್ನು ವೂಫರೂ ನುಡಿಸುವುದಿಲ್ಲ, ಟ್ವೀಟರೂ ನುಡಿಸುವುದಿಲ್ಲ. ಮಂಕು ಎಂದು ನಮಗೆ ಅನಿಸುವುದು ಆ ಖಾಲಿ ಜಾಗ.

ಕಂಡೆನ್ಸರಿನ ಮೈಮೇಲಿನ ಬರಹ ಓದುವಾಗ ಎಚ್ಚರ ಬೇಕು. ಎನ್‌ಪಿ, ಬಿಪಿ ಅಥವಾ ಬೈಪೋಲಾರ್ ಎಂದಿದ್ದರೆ ಅದು ಪ್ಲಸ್ ಮೈನಸ್ ಇಲ್ಲದ ಎಲೆಕ್ಟ್ರೋಲಿಟಿಕ್, ಅಂದರೆ ಒಣಗುವ ಜಾತಿಯದ್ದು. ಹಳೆಯ ಕಂಡೆನ್ಸರಿನಲ್ಲಿ ಎಂಎಫ್‌ಡಿ ಎಂದಿರಲಿ, ಸಣ್ಣ ಎಂ ದೊಡ್ಡ ಎಫ್ ಎಂದಿರಲಿ, ಮೈಕ್ರೋಫ್ಯಾರಡ್ ಎಂದೇ ತಿಳಿಯಿರಿ. ಜರ್ಮನ್ ಮಾಲಿನಲ್ಲಿ 3.3 ಅನ್ನು ಅಲ್ಪವಿರಾಮ ಹಾಕಿ 3,3 ಎಂದು ಬರೆದಿರುತ್ತಾರೆ; ಮೂವತ್ತಮೂರು ಎಂದು ಓದಿದರೆ ಟ್ವೀಟರ್ ಸುಡುತ್ತದೆ. ಚಪ್ಪಟೆ ಫಿಲ್ಮ್ (ಪ್ಲಾಸ್ಟಿಕ್ ಹಾಳೆಯ) ಕಂಡೆನ್ಸರಿನಲ್ಲಿ 225 ಎಂದಿದ್ದರೆ 2.2, 475 ಎಂದಿದ್ದರೆ 4.7 ಮೈಕ್ರೋಫ್ಯಾರಡ್. ಕೊನೆಯ ಅಕ್ಷರ ಜೆ ಆದರೆ ಐದು ಶೇಕಡಾ, ಕೆ ಆದರೆ ಹತ್ತು, ಎಂ ಆದರೆ ಇಪ್ಪತ್ತು ಶೇಕಡಾ ಆಚೀಚೆ ಇರಬಹುದು.

ಅಳೆಯುವಾಗ ಒಂದು ಕಾಲನ್ನು ಬೆಸುಗೆಯಿಂದ ಬಿಡಿಸಲೇಬೇಕು. ಹಾಗೆ ಮಾಡದಿದ್ದರೆ ಪಕ್ಕದ ಕಾಯಿಲನ್ನೂ ಸೇರಿಸಿ ಮೀಟರ್ ಸುಳ್ಳು ಹೇಳುತ್ತದೆ. ಕಾಯಿಲ್, ಕಂಡೆನ್ಸರ್, ರೆಸಿಸ್ಟರ್ ಮೂರನ್ನೂ ಅಳೆಯುವ ಎಲ್‌ಸಿಆರ್ ಮೀಟರನ್ನು 1 ಕಿಲೋಹರ್ಟ್ಸ್‌ಗೆ ಇಟ್ಟು ಬೆಲೆಯನ್ನೂ ಇಎಸ್‌ಆರ್ ಅನ್ನೂ, ಅಂದರೆ ಕಂಡೆನ್ಸರಿನ ಒಳತಡೆಯನ್ನೂ, ನೋಡಿ. ಬೆಲೆ ಬರೆದದ್ದಕ್ಕಿಂತ ಬಹಳ ಹೆಚ್ಚು ತೋರಿಸಿದರೆ ಖುಷಿಪಡಬೇಡಿ, ಒಳಗೆ ಸೋರುವ ಕಂಡೆನ್ಸರನ್ನು ಸಾಮಾನ್ಯ ಮೀಟರ್ ಹಾಗೆಯೇ ತೋರಿಸುತ್ತದೆ. ಬೆಲೆ ಸರಿಯಿದ್ದು ಇಎಸ್‌ಆರ್ ಹಲವು ಓಮ್‌ಗೆ ಏರಿದ್ದರೂ ಬದಲಾಯಿಸಿ. ಬರಹ ಅಳಿಸಿಹೋಗಿದ್ದರೆ ಜೋಡಿ ಪೆಟ್ಟಿಗೆಯನ್ನು ತೆರೆಯಿರಿ. ಎರಡೂ ಒಂದೇ ವಯಸ್ಸಿನವು, ಬದಲಾಯಿಸುವಾಗಲೂ ಎರಡರಲ್ಲೂ ಬದಲಾಯಿಸಿ.

ಟಿವಿ ರಿಪೇರಿಯ ಡಬ್ಬದಿಂದ ಮೈನಸ್ ಪಟ್ಟಿಯಿರುವ ಕಂಡೆನ್ಸರ್ ತೆಗೆದು ಹಾಕುವುದು ದೊಡ್ಡ ತಪ್ಪು. ಸ್ಪೀಕರಿನಲ್ಲಿ ಕರೆಂಟು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಅಂಥ ಕಂಡೆನ್ಸರ್ ಬಿಸಿಯಾಗಿ ಉಬ್ಬಿ ಒಡೆಯುತ್ತದೆ. ಬೇರೇನೂ ಸಿಗದಿದ್ದರೆ 10 ಮೈಕ್ರೋಫ್ಯಾರಡಿನ ಎರಡರ ಮೈನಸ್ ಕಾಲುಗಳನ್ನು ಒಂದಕ್ಕೊಂದು ಬೆಸೆಯಿರಿ, ಹೊರಗಿನ ಎರಡು ಪ್ಲಸ್ ಕಾಲುಗಳ ನಡುವೆ 5 ಮೈಕ್ರೋಫ್ಯಾರಡ್ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ನಮ್ಮ ಪೇಟೆಯ ಎಲೆಕ್ಟ್ರಿಕ್ ಅಂಗಡಿಯಲ್ಲೇ ಇದೆ: ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್, 440 ವೋಲ್ಟಿನ ಹೊಸ ಕಂಡೆನ್ಸರ್. ಅದು ಫಿಲ್ಮ್ ಜಾತಿಯದ್ದು, ಪ್ಲಸ್ ಮೈನಸ್ ಇಲ್ಲ. ಎರಡನ್ನು ಪ್ಯಾರಲಲ್, ಅಂದರೆ ಅಕ್ಕಪಕ್ಕ, ಕೊಟ್ಟರೆ 5 ಆಗುತ್ತದೆ, 4.7ರ ಜಾಗಕ್ಕೆ ಧಾರಾಳವಾಗಿ ನಡೆಯುತ್ತದೆ. ತೋಟದ ಪಂಪಿನ ಸ್ಟಾರ್ಟಿಂಗ್ ಕಂಡೆನ್ಸರ್ ಮಾತ್ರ ಬೇಡ, ಅದು ಕೆಲವೇ ಸೆಕೆಂಡು ದುಡಿಯಲು ಮಾಡಿದ್ದು. ಫಿಲ್ಮ್ ಹಾಕಿದ ಮೇಲೆ ಟ್ವೀಟರ್ ಕಿವಿಗೆ ಚುಚ್ಚಿದರೆ 0.47 ಓಮ್, 5 ವ್ಯಾಟಿನ ರೆಸಿಸ್ಟರ್ ಒಂದನ್ನು ಸೀರೀಸ್‌ನಲ್ಲಿ ಸೇರಿಸಿ. ಹಳೆಯ ಎಲೆಕ್ಟ್ರೋಲಿಟಿಕ್ ತನ್ನೊಳಗೇ ಅಷ್ಟು ತಡೆ ಇಟ್ಟುಕೊಂಡಿತ್ತು.

ಇನ್ನು ಕಾಯಿಲ್. ಓಮ್ ಅಳೆದರೆ ತಂತಿ ತುಂಡಾಗಿದೆಯೋ ಇಲ್ಲವೋ ಎಂದಷ್ಟೇ ತಿಳಿಯುತ್ತದೆ. ಕಾಯಿಲಿನ ಬೆಲೆಯಾದ ಮಿಲಿಹೆನ್ರಿ ತಿಳಿಯಲು ಎಲ್‌ಸಿಆರ್ ಮೀಟರೇ ಬೇಕು. ಒಳಗೆ ಖಾಲಿ ಬಾಬಿನ್ ಇದೆಯೇ, ಕಪ್ಪು ಫೆರೈಟ್ ಕಡ್ಡಿ ಇದೆಯೇ, ಕಬ್ಬಿಣದ ತಗಡುಗಳಿವೆಯೇ ನೋಡಿ ಬರೆದಿಡಿ. ಒಂದರ ಬದಲು ಇನ್ನೊಂದನ್ನು ಹಾಕಿದರೆ ತಂತಿಯ ತಡೆ ಬದಲಾಗಿ ವೂಫರಿನ ಸ್ವರವೂ ಬದಲಾಗುತ್ತದೆ. ಸುಟ್ಟ ಕಾಯಿಲನ್ನು ಸುತ್ತುಗಳನ್ನು ಎಣಿಸುತ್ತ ಬಿಚ್ಚಿ, ತಂತಿಯ ದಪ್ಪ ಅಳೆದು, ಮೋಟರ್ ವೈಂಡಿಂಗ್ ಅಂಗಡಿಯಿಂದ ಅದೇ ಗೇಜಿನ ತಂತಿ ತನ್ನಿ. 20 ಗೇಜ್ ಅಂದರೆ 0.91 ಮಿಲಿಮೀಟರ್. ಎರಡು ಕಾಯಿಲ್‌ಗಳು ಒಂದು ಮಲಗಿ ಒಂದು ನಿಂತಿದ್ದರೆ ಮರಳಿ ಹಾಗೆಯೇ ಕೂರಿಸಿ. ಒಂದರ ಕಾಂತ ಇನ್ನೊಂದಕ್ಕೆ ತಾಗದಿರಲೆಂದು ಹಾಗಿಟ್ಟಿರುತ್ತಾರೆ.

ಬಿಳಿ ಸಿಮೆಂಟ್ ರೆಸಿಸ್ಟರಿನಲ್ಲಿ 5ಡಬ್ಲ್ಯು 4ಆರ್7 ಎಂದರೆ 5 ವ್ಯಾಟ್, 4.7 ಓಮ್. ವೂಫರಿನ ಎರಡು ತುದಿಗಳ ನಡುವೆ ರೆಸಿಸ್ಟರೂ ಕಂಡೆನ್ಸರೂ ಸೀರೀಸ್‌ನಲ್ಲಿ ಇದ್ದರೆ ಕಿತ್ತು ಬಿಸಾಡಬೇಡಿ, ಮೇಲಿನ ಸ್ವರಗಳಲ್ಲಿ ವೂಫರಿನ ತಡೆ ಏರದಂತೆ ಹಿಡಿದಿಡುವುದು ಆ ಜೋಡಿ. ಟ್ವೀಟರಿನ ದಾರಿಯಲ್ಲಿ ಸಣ್ಣ ಬಲ್ಬು ಕಂಡರೂ ಬಿಟ್ಟುಬಿಡಿ. ಸೌಂಡ್ ಅತಿಯಾದಾಗ ತಾನು ಉರಿದು ಟ್ವೀಟರನ್ನು ಉಳಿಸಲು ಅದನ್ನು ಇಟ್ಟಿದ್ದಾರೆ.

ನಮ್ಮ ಕರಾವಳಿಯ ಮಳೆಗಾಲ ಕಂಡ ಹಲಗೆಯಲ್ಲಿ ತಂತಿಯ ತುದಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಅದರ ಮೇಲೆ ಸೀಸ ಹಿಡಿಯುವುದಿಲ್ಲ. ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವವರೆಗೆ ಕೆರೆದು ಬೆಸೆಯಿರಿ.

ಪೆಟ್ಟಿಗೆ ಮುಚ್ಚುವ ಮೊದಲು ಆಂಪ್ಲಿಫೈಯರಿನ ವಾಲ್ಯೂಮನ್ನು ಪೂರ್ತಿ ಇಳಿಸಿ, ಮೆಲ್ಲಗೆ ಏರಿಸುತ್ತ ಅದೇ ಆಟದ ರೆಕಾರ್ಡಿಂಗ್ ಹಾಕಿ. ಎಡದ ಪೆಟ್ಟಿಗೆ ಒಂದೇ ನುಡಿಯಲಿ, ಆಮೇಲೆ ಬಲದ್ದು. ಎರಡರಲ್ಲೂ ಚಕ್ರತಾಳ ಸಮನಾಗಿ ಕೇಳಿದರೆ ಹೊಸ ಬೆಲೆಗಳನ್ನೂ ತಾರೀಕನ್ನೂ ಬರೆದ ಚೀಟಿಯನ್ನು ಒಳಗೆ ಅಂಟಿಸಿ, ಸ್ಕ್ರೂ ಹಾಕಿ. ನಮಸ್ಕಾರ.