ಮಳೆ ನಿಂತರೂ ಸೇನ್ ನದಿಯ ಹನಿ ನಿಲ್ಲಲಿಲ್ಲ

ನಮಸ್ಕಾರ. 2024ರ ಜುಲೈ 30, ಪ್ಯಾರಿಸ್. ಬೆಳಿಗ್ಗೆ 8ಕ್ಕೆ ಒಲಿಂಪಿಕ್ಸ್ ಪುರುಷರ ಟ್ರಯಥ್ಲಾನ್: ಮೊದಲು ಸೇನ್ ನದಿಯಲ್ಲಿ ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಊರೆಲ್ಲ ಬಿಸಿಲಿನ ಝಳ. ಆದರೂ ರೇಸ್ ಮರುದಿನಕ್ಕೆ ಹೋಯಿತು. ಕಾರಣ? ಮಳೆ! ಅವತ್ತಿನದಲ್ಲ, 26ರಂದು ಉದ್ಘಾಟನಾ ಸಮಾರಂಭವನ್ನೇ ತೋಯಿಸಿ, 27ಕ್ಕೂ ಬಿಡದೆ ಸುರಿದ ಮಳೆ.

ಹಳೇ ಪ್ಯಾರಿಸ್‌ನಲ್ಲಿ ಮಳೆನೀರಿಗೂ ಕಕ್ಕಸಿನ ನೀರಿಗೂ ಒಂದೇ ಕೊಳವೆ. ಜೋರು ಮಳೆಗೆ ಅದು ತುಂಬಿದರೆ, ಉಕ್ಕಿದ್ದೆಲ್ಲ ನೇರ ಸೇನ್ ನದಿಗೆ. (ರಾಜಕಾಲುವೆ ನೋಡಿದ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಇದನ್ನು ತಡೆಯಲೆಂದೇ ಆಸ್ಟರ್ಲಿಟ್ಜ್ ರೈಲು ನಿಲ್ದಾಣದ ಬಳಿ ನೆಲದಡಿ 50,000 ಘನ ಮೀಟರ್ ಹಿಡಿಯುವ ತೊಟ್ಟಿ ಕಟ್ಟಿದರು. ಸಣ್ಣಪುಟ್ಟ ಮಳೆಗೆ ಅದು ಸಾಕು, ಎರಡು ದಿನದ ಮಳೆಗೆ ಸಾಲದು. ಆಮೇಲೆ ನೀರು ತಿಳಿಯಾಗಬೇಕಾದರೆ ಹರಿವು ಕೊಳೆಯನ್ನು ಕೊಂಡೊಯ್ಯಬೇಕು, ಬಿಸಿಲು ಬ್ಯಾಕ್ಟೀರಿಯಾ ಕೊಲ್ಲಬೇಕು. ಅದಕ್ಕೆ ದಿನಗಳೇ ಬೇಕು.

ಈಜಿಗೆ ಮಿತಿ ಇಷ್ಟು: 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲೈ 1,000, ಎಂಟೆರೊಕಾಕೈ 400 (ಎರಡೂ ಮಲದ ಕೊಳೆ ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ). ಮಾದರಿ ತಂದು, ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವುದಕ್ಕೆ ಹೆಚ್ಚುಕಡಿಮೆ ಒಂದು ದಿನ. ಅಂದರೆ ಇವತ್ತು ಕೈಗೆ ಬರುವ ವರದಿ ನಿನ್ನೆಯ ನೀರಿನದು! 28, 29ರ ಅಭ್ಯಾಸ ಈಜು ರದ್ದಾಯಿತು. 30ರ ರೇಸ್ ಇಲ್ಲ ಅಂತ ಹೇಳಿದ್ದು ಬೆಳಗಿನ ಜಾವ, ಸ್ಪರ್ಧಿಗಳು ಎದ್ದು ತಿಂಡಿಗೆ ಕೂರುವ ಹೊತ್ತಿಗೆ.

ಮುಂದೂಡಿದ್ದು ಸರಿಯೇ. ನನ್ನ ತಕರಾರು ಬೇರೆ. ಅದೇ ಸೇನ್‌ನಲ್ಲಿದ್ದ ಮ್ಯಾರಥಾನ್ ಈಜಿಗೆ ಪ್ಯಾರಿಸ್ ಹೊರಗಿನ ವೇರ್-ಸುರ್-ಮಾರ್ನ್‌ನಲ್ಲಿ ಬದಲಿ ಜಾಗ ಇಟ್ಟುಕೊಂಡಿದ್ದರು. ಟ್ರಯಥ್ಲಾನ್‌ಗೆ? ಕಾಯಿರಿ, ಆಗಲೇ ಇಲ್ಲವಾದರೆ ಈಜು ಕೈಬಿಟ್ಟು ಬರೀ ಓಟ, ಸೈಕಲ್ಲಿನ ಡುಯಥ್ಲಾನ್ ಮಾಡಿ. ನಾಲ್ಕು ವರ್ಷ 1.5 ಕಿಲೋಮೀಟರ್ ಈಜು ತಿದ್ದಿಕೊಂಡವರಿಗೆ ಇದೆಂಥ ಬದಲಿ? ಈಫೆಲ್ ಗೋಪುರ ಕ್ಯಾಮೆರಾದಲ್ಲಿ ಬರಬೇಕೆಂಬ ಆಸೆಯ ಖರ್ಚನ್ನು ಸ್ಪರ್ಧಿಗಳ ತಲೆಗೆ ಕಟ್ಟಿದರು.

31ರ ನಸುಕಿನ 3:20ಕ್ಕೆ ವರದಿ ಬಂತು, ನೀರು ಪಾಸು. ಆದರೆ ರಾತ್ರಿ ಮತ್ತೆ ಮಳೆಯಾಗಿ ರಸ್ತೆ ಒದ್ದೆ. ಅವತ್ತೇ ಬೆಳಿಗ್ಗೆ ಇದ್ದ ಮಹಿಳೆಯರ ರೇಸಿನ ಸೈಕಲ್ ಹಂತದಲ್ಲಿ ಒಬ್ಬರ ಹಿಂದೊಬ್ಬರು ಬಿದ್ದರು. ಒಣಗಿದ ರಸ್ತೆಗೆ ಮೊದಲ ಮಳೆ ಬಿದ್ದಾಗ ಎಣ್ಣೆ, ಧೂಳು ಮೇಲೇಳುತ್ತದೆ. ಕಲ್ಲುಹಾಸು, ಬಿಳಿ ಪಟ್ಟಿ ಸೋಪಿನಂತೆ ಜಾರುತ್ತವೆ. ಟೈರಿನ ಗಾಳಿಯ ಒತ್ತಡ 5ರಿಂದ 10 ಪಿಎಸ್‌ಐ ಇಳಿಸಿ, ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ಬ್ರೇಕ್ ಮುಗಿಸಬೇಕು. ವಾಲಿದ ಮೇಲೆ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಕೈಬಿಟ್ಟಿತೆಂದೇ ಲೆಕ್ಕ. ಹೊರಬದಿಯ ಪೆಡಲ್ ಕೆಳಗಿರಲಿ, ಭಾರವೆಲ್ಲ ಅದರ ಮೇಲಿರಲಿ. ಇದು ಆ ಸ್ಪರ್ಧಿಗಳಿಗೆ ಗೊತ್ತಿಲ್ಲದ್ದೇನಲ್ಲ. ಗುಂಪಿನಲ್ಲಿ, ಏಳು ಸುತ್ತಿನ ಸೈಕಲ್ ಹಂತದಲ್ಲಿ ಮುಂದಿನವರು ಬಿದ್ದರೆ ಯಾವ ಕಸುಬೂ ಕಾಯುವುದಿಲ್ಲ.

ಚಿನ್ನ ಫ್ರಾನ್ಸಿನ ಕಸಾಂಡ್ರ್ ಬೋಗ್ರಾಂಗೆ. ಪುರುಷರು ಇಳಿದದ್ದು 10:45ಕ್ಕೆ, ಬಿಸಿಲೇರಿದ ಮೇಲೆ. ಗೆದ್ದದ್ದು ಬ್ರಿಟನ್ನಿನ ಅಲೆಕ್ಸ್ ಯೀ.

ಅಲ್ಲಿಗಾದರೂ ಮುಗಿಯಿತೇ? ಆಗಸ್ಟ್ 5ರ ಟ್ರಯಥ್ಲಾನ್ ಮಿಶ್ರ (ಪುರುಷರು, ಮಹಿಳೆಯರು ಸೇರಿದ) ರಿಲೇಗೂ ಮುನ್ನಾದಿನದ ಅಭ್ಯಾಸ ಈಜು ರದ್ದು. ಮತ್ತೆ ಅದೇ ಕಾಯುವಿಕೆ, ಅದೇ ನಿನ್ನೆಯ ನೀರಿನ ವರದಿ.